ಎನ್ನಲಾದ

ಮೊನ್ನೆ ಒಂದೇ ಪದವನ್ನು ಹನ್ನೊಂದು ಸಲ ಟೈಪು ಮಾಡಿದೆ.
ಲಸಿಕೆಯಿಂದ ಆಯಿತೆನ್ನಲಾದ ಹಾನಿ.
ತದನಂತರ ಸೊಟ್ಟಗಾಯಿತೆನ್ನಲಾದ ಬಾಯಿ.
ಒಂದು ಕಡೆ ಬಿಟ್ಟುಹೋಗಿತ್ತು;
ಕಂಪನಿ ಕಡೆಯ ಹುಡುಗ ವಕೀಲ
ಹಸಿರು ಪೆನ್ನಿನಲ್ಲಿ ಸುತ್ತು ಹಾಕಿ
'ಮೇಡಂ, ಇಲ್ಲೊಂದು ಎನ್ನಲಾದ' ಅಂದ,
ಎಲೆ ತುದಿಗೆ ಉಪ್ಪು ಬಡಿಸಲು ಮರೆತವರಿಗೆ ಹೇಳುವ ಹಾಗೆ.

ಬಾಯಿ ಎದುರಿಗೇ ಕೂತಿತ್ತು.
ಸೊಟ್ಟಗಿತ್ತು.
ಅದರಲ್ಲಿ ಎನ್ನಲಾದದ್ದು ಏನೂ ಇರಲಿಲ್ಲ.

ಮುನಿಯಲ್ಲಪ್ಪ, ವಯಸ್ಸು ಐವತ್ತೆರಡು, ಕಾಟನ್‌ಪೇಟೆ,
ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್.
(ಹೆಸರು ಬೇರೆ ಇಟ್ಟಿದ್ದೇನೆ. ತುಟಿಯಿಂದ ಹುಟ್ಟುವ ಹೆಸರೇ.)
ಸ್ಕೂಲಿನ ಕ್ಯಾಂಪಿನಲ್ಲಿ ಚುಚ್ಚಿಸಿಕೊಂಡ ಹನ್ನೆರಡನೇ ದಿನ
ನಗರ್ತಪೇಟೆ ಛತ್ರದ ಮುಂದೆ, ಮದುಮಗ ಕಾರಿಳಿಯುವ ಹೊತ್ತಿಗೆ,
ಊದಿದ ಗಾಳಿ ಬಲಗಡೆಯಿಂದ ಸೋರಿತಂತೆ.
ಕುಡಿದಿದ್ದಾನೆ ಅಂದುಕೊಂಡನಂತೆ ಪಕ್ಕದ ಡ್ರಮ್ಮಿನವನು.
ಡಾಕ್ಟರ ವರದಿ ಎರಡೇ ಸಾಲು:
ಸಂಬಂಧ ಇದೆ ಎನ್ನಲಾಗದು.
ಇಲ್ಲವೆನ್ನಲೂ ಆಗದು.
ವರ್ಷವಿಡೀ ನಾನು ಟೈಪಿಸಿದ್ದರಲ್ಲಿ
ಪ್ರಾಮಾಣಿಕವಾದದ್ದು ಅದೊಂದೇ ಅನ್ನಿಸಿತು.
ಅದಕ್ಕೆ ದರ ಕಟ್ಟುವುದು ಹೇಗೆ?

ಕಟ್ಟಿದರು.
'ಒಂದು ಮದುವೆಗೆ ಎಷ್ಟು?'
'ಎಂಟುನೂರು, ಊಟ. ತೆಂಗಿನಕಾಯಿ, ತಾಂಬೂಲ.'
'ತಾಂಬೂಲ ಬೇಡ. ವರ್ಷಕ್ಕೆ?'
ಹೆಂಡತಿ ಸಾಕಮ್ಮ ಬೆರಳ ಗೆಣ್ಣಿನ ಮೇಲೆ ಮುಹೂರ್ತ ಎಣಿಸಿದಳು.
ಆಷಾಢ ಕಳೆದರು. ಧನುರ್ಮಾಸ ಕಳೆದರು.
ಪಿತೃಪಕ್ಷ ಬಿಟ್ರಲ್ಲ ಅಂತ ಆಕೆಯೇ ನೆನಪಿಸಿದಳು,
ಸುಳ್ಳು ಲೆಕ್ಕ ಯಾಕೆ ಅಂತ.
ಹುಡುಗ ವಕೀಲ ಆಗ ಮಾತ್ರ ತಲೆ ತಗ್ಗಿಸಿದ.
ಎರಡು ಲಕ್ಷದ ಹತ್ತು ಸಾವಿರ. ಪೂರ್ಣ ಮತ್ತು ಅಂತಿಮ.
ಯಾವುದೇ ತಪ್ಪನ್ನು ಒಪ್ಪಿಕೊಳ್ಳದೆ, ಕೇವಲ ಸೌಹಾರ್ದದಿಂದ.
ಈ ಬಗ್ಗೆ ಇನ್ನು ಮುಂದೆ ಯಾರಲ್ಲೂ ಮಾತನಾಡತಕ್ಕದ್ದಲ್ಲ.

ಓದಿ ಹೇಳುವುದೂ ನನ್ನದೇ ಕೆಲಸ. ಓದಿದೆ.
'ಒಪ್ಪಿಗೆಯಾ?' ಅಂದರು ಮಧ್ಯಸ್ಥರು.
ಆತ ತಲೆಯಾಡಿಸಿದ.
'ತಲೆ ಆಡಿಸಿದ್ರೆ ಆಗಲ್ಲಪ್ಪ, ಬಾಯಿಬಿಟ್ಟು ಹೇಳ್ಬೇಕು.'

ಒಂದನೇ ಕ್ಲಾಸಿನ ಮೇಷ್ಟ್ರು ಥಟ್ಟನೆ ನೆನಪಾದರು:
ಪ ಫ ಬ ಭ ಮ, ತುಟಿಗೆ ತುಟಿ ಕೂಡದೆ ಹುಟ್ಟುವುದಿಲ್ಲ.
ಬಾಯಿ ಅನ್ನಲು ತುಟಿ ಬೇಕು.
ಮದುವೆಗೆ ಬೇಕು. ಪರಿಹಾರದ ಮೊದಲಕ್ಷರಕ್ಕೇ ಬೇಕು.
ಮುನಿಯಲ್ಲಪ್ಪ ತನ್ನ ಹೆಸರು ಹೇಳಲು ಎರಡು ಸಲ ಬೇಕು.
ಎನ್ನಲಾದ ಅನ್ನಲು ಬೇಡ.
ನಾಲಗೆಯೊಂದಿದ್ದರೆ ಸಾಕು,
ಯಾರು ಬೇಕಾದರೂ ಅನ್ನಬಹುದು.

'ಒಹ್ಹಿಗೆ' ಅಂದ.
ಮಧ್ಯಸ್ಥರು ನನ್ನ ಕಡೆ ನೋಡಿದರು. ನಾನು ಪರದೆ ನೋಡಿದೆ.
ಆತ ಹೆಗಲ ಟವೆಲಿನಿಂದ ಜೊಲ್ಲು ಒರೆಸಿಕೊಂಡು,
ಪಿಸ್ಟನ್ ಒತ್ತಿ ಒತ್ತಿ ತುದಿ ಚಪ್ಪಟೆಯಾದ ಎರಡು ಬೆರಳಿಂದ
ಜೋತ ಬಲತುಟಿಯನ್ನು ಮೇಲೆತ್ತಿ
ಹರಿದ ನೋಟನ್ನು ಕಂಡಕ್ಟರನಿಗೆ ಜೋಡಿಸಿ ತೋರಿಸುವ ಹಾಗೆ
ಹಿಡಿದ.
'ಒಪ್ಪಿಗೆ.'
ಸರಿಯಾಗಿ ಬಂತು. ಒತ್ತಕ್ಷರದ ಸಮೇತ.

ಅದೇ ಕ್ಯಾಂಪಿನಲ್ಲಿ, ಅದೇ ಬೆಂಚಿನ ಮೇಲೆ
ನಾನೂ ತೋಳು ಕೊಟ್ಟಿದ್ದೆ.
ಒಂದು ರಾತ್ರಿ ಜ್ವರ, ಬೆಳಿಗ್ಗೆ ಎರಡು ಇಡ್ಲಿ, ಅಷ್ಟೇ.
ಇದನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.
ಸಾಕಮ್ಮ ಪ್ರತಿಯನ್ನು ಸೀರೆ ಅಂಗಡಿ ಕವರಿಗೆ ತುಂಬಿ
ಟೌನ್‌ಹಾಲಿನ ಬಸ್ಸಿಗೆ ರಸ್ತೆಯ ಯಾವ ಕಡೆ ನಿಲ್ಲಬೇಕು ಅಂದಳು.
ಕಿಟಕಿಯಿಂದ ತೋರಿಸಿದೆ.

ಶನಿವಾರ ಮೊಮ್ಮಗಳಿಗೆ ಒಂಬತ್ತು ತಿಂಗಳ ಚುಚ್ಚುಮದ್ದು.
ಎತ್ತಿಕೊಂಡು ಹೋದೆ.
ಬಾಗಿಲಲ್ಲಿ ಒಂದು ಗಳಿಗೆ ನಿಂತೆ.
ನಿಂತೆನೆನ್ನಲಾಗಿದೆ ಅಂತ ಬರೆಯುವುದಿಲ್ಲ, ನಿಂತೆ.
ಆಮೇಲೆ ಒಳಗೆ ಹೋಗಿ ಕಾರ್ಡು ಕೊಟ್ಟೆ.
ಸೂಜಿ. ಕಿರುಚು. ತೋಳಿನ ಮೇಲೆ ಸಾಸಿವೆಯಷ್ಟು ಕೆಂಪು.
ತುಟಿ ದುಂಡಗೆ ಮಾಡಿ ಊದಿದೆ.
ಅಳು ನಿಲ್ಲಿಸಿ ನನ್ನ ಬಾಯನ್ನೇ ನೋಡಿದಳು.
ಮತ್ತೆ ಊದಿದೆ.